ಪ್ರೇಯರ್ ಹಾಲ್‌ಗೆ ನುಗ್ಗಿದರೆ ದೊಡ್ಡ ಇಗರ್ಜಿಗಳಿಗೆ (ಚರ್ಚ್‌ಗಳಿಗೆ) ಯಾಕೆ ಕೇಳಿಸುವುದಿಲ್ಲ?

ಕುಡ್ಲದ ಮಳೆ:

ನಾನು ಮಂಗಳೂರು ಕಡೆಯ ಕ್ಯಾಥೊಲಿಕ್. ಈಗ ಬ್ಯಾಂಕ್ ಕೆಲಸದಲ್ಲಿ ಧಾರವಾಡದ ಕಡೆ ಇದ್ದೇನೆ. ಸೆಪ್ಟೆಂಬರ್ ಬಂದರೆ ನಮ್ಮ ಮನೆಯಲ್ಲಿ ಎರಡು ಮಾತು ಬರುತ್ತವೆ. ಒಂದು ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ, ಹೊಸ ಅಕ್ಕಿ ಊಟ. ಇನ್ನೊಂದು 2008.

ಆ ವರ್ಷ ಹಬ್ಬ ಮುಗಿದು ಒಂದು ವಾರವೂ ಆಗಿರಲಿಲ್ಲ. ಸೆಪ್ಟೆಂಬರ್ 14, ಭಾನುವಾರ. ಮಿಲಾಗ್ರಿಸ್ ಹತ್ತಿರದ ಅಡೋರೇಶನ್ ಮೊನಾಸ್ಟರಿಗೆ ಜನ ನುಗ್ಗಿದರು. ಅಲ್ಲಿರುವುದು ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬದುಕು ಕಳೆಯುವ ಸಿಸ್ಟರ್‌ಗಳು. ಶಿಲುಬೆ ಮುರಿದರು. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇಡುವ ಪೆಟ್ಟಿಗೆಯನ್ನೂ ಬಿಡಲಿಲ್ಲ. ಬೇರೆಯವರಿಗೆ ಇದು ಗಾಜು ಒಡೆದ ಕೇಸ್ ತರಹ ಕಾಣಬಹುದು. ನಮಗೆ ಪರಮಪ್ರಸಾದ ಅಂದರೆ ಸಾಕ್ಷಾತ್ ಯೇಸುವೇ. ಅವತ್ತು ನಮ್ಮ ಅಜ್ಜಿ ಅನ್ನ ಮುಟ್ಟಲಿಲ್ಲ.

ಆಮೇಲೆ ಕುಲಶೇಖರ, ಪೆರ್ಮನ್ನೂರು, ವಾಮಂಜೂರು ಕಡೆ ಜನ ಇಗರ್ಜಿ ಮುಂದೆ ಸೇರಿದರು. ಲಾಠಿ, ಕಲ್ಲು, ಅಶ್ರುವಾಯು ಎಲ್ಲ ಆಯಿತು. ಪೊಲೀಸರು ಇಗರ್ಜಿ ಆವರಣಕ್ಕೇ ನುಗ್ಗಿ ಹೆಂಗಸರು, ಹುಡುಗರು ಅನ್ನದೆ ಹೊಡೆದರು ಅನ್ನುವುದು ಆಗ ನಮ್ಮವರ ದೊಡ್ಡ ದೂರು.

ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳಬೇಕು ಅಂತ ಬಂದದ್ದು ಬೇರೆ. ಅದೇ ದಿನ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿ ಆಯಿತು. ಮೊದಲ ಗುರಿ ನ್ಯೂ ಲೈಫ್ ಅನ್ನುವ, ಕ್ಯಾಥೊಲಿಕ್ ಅಲ್ಲದ ಕ್ರೈಸ್ತ ಪಂಗಡದವರೇ. ಹಿಂದೂ ದೇವರುಗಳನ್ನು ಹೀಯಾಳಿಸಿದ ಒಂದು ಪುಸ್ತಕ ಹಂಚಿದರು ಅನ್ನುವುದು ಕಾರಣವಾಗಿತ್ತು. ಆ ಮಂದಿರಗಳ ಹೆಸರು ಇವತ್ತು ನಮ್ಮಲ್ಲಿ ಯಾರಿಗಾದರೂ ನೆನಪಿದೆಯಾ? ನನಗೂ ಇಲ್ಲ. ಆದರೆ ಆ ವಾರ ನಮ್ಮ ಮನೆಯ ಜಗಲಿಯಲ್ಲಿ ಕೇಳಿದ ಮಾತು ಚೆನ್ನಾಗಿ ನೆನಪಿದೆ: "ನಾವು ಮತಾಂತರ ಮಾಡುವವರಲ್ಲ ಮಾರಾಯ್ರೆ, ಅದು ಅವರು. ನಮ್ಮನ್ನು ಯಾಕೆ ಹೊಡೆದದ್ದು?"

ಮಾತು ಸುಳ್ಳಲ್ಲ. ಆದರೆ ಅದರೊಳಗೆ ಇನ್ನೊಂದು ಮಾತು ಅಡಗಿದೆ, ಅಲ್ವಾ? ಅವರನ್ನು ಹೊಡೆದಿದ್ದರೆ ಪರವಾಗಿರಲಿಲ್ಲ ಅಂತ.

ಈಗಿನ ಪರಿಸ್ಥಿತಿ ನೋಡಿ. 2021ರ ಜನವರಿಯಿಂದ ನವೆಂಬರ್‌ವರೆಗೆ ಕರ್ನಾಟಕದಲ್ಲಿ ಇಂಥ 39 ಘಟನೆಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ದಾಖಲಿಸಿದರು. ಹೆಚ್ಚಿನವು ನಮ್ಮಂಥ ಕಲ್ಲಿನ ಗೋಡೆಯ, ಗಂಟೆ ಗೋಪುರದ ಇಗರ್ಜಿಗಳಲ್ಲಿ ನಡೆದದ್ದಲ್ಲ. ಬಾಡಿಗೆ ಮನೆ, ತಗಡಿನ ಶೆಡ್, ಯಾರದೋ ಮನೆಯ ಪಡಸಾಲೆ. ನಾವು ಬಿಷಪ್ ಹೇಳಿಕೆ ಓದಿ ಸುಮ್ಮನಾಗುತ್ತೇವೆ. ಇದರ ಬಗ್ಗೆ ಇಲ್ಲಿನವರು ಏನು ಹೇಳುತ್ತೀರಿ?

---

ಬಯಲುಸೀಮೆ ಮೇಷ್ಟ್ರು:

ಹೊಡೆಯುವುದು, ಒಡೆಯುವುದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಕಡೆಯ ಕಥೆ ಹೇಳಬೇಡಿ ಸರ್. ನಮ್ಮ ಚಿತ್ರದುರ್ಗ ಜಿಲ್ಲೆಯವರೇ ಆದ ಹೊಸದುರ್ಗದ ಶಾಸಕರು 2021ರಲ್ಲಿ ವಿಧಾನಸಭೆಯಲ್ಲಿ ಎದ್ದು ನಿಂತು, ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂದರು. ಮನೆಯಲ್ಲಿ ದೇವರ ಫೋಟೋ ಇಡುವುದಕ್ಕೂ ಬಿಡುತ್ತಿಲ್ಲ ಅಂತ ನೊಂದುಕೊಂಡರು. ಮಗನಿಗೆ ಸಂಕಟ ಆಗುವುದಿಲ್ಲವಾ? ಕಾಯಿಲೆ ವಾಸಿ ಮಾಡುತ್ತೇವೆ ಅಂತ ಬಡವರ ಕೇರಿಗೆ ಬರುತ್ತಾರೆ. ನಮ್ಮೂರಲ್ಲೂ ಬಂದಿದ್ದರು. ಮಾರಮ್ಮನ ಜಾತ್ರೆಗೆ ವಂತಿಗೆ ಕೊಡುವುದಿಲ್ಲ ಅಂತ ಎರಡು ಮನೆಯವರು ಹೇಳಿದಾಗ ಊರೇ ಎರಡಾಯಿತು. ಇದನ್ನೂ ಬರೆಯಿರಿ.

---

ಕುಡ್ಲದ ಮಳೆ:

ಮೇಷ್ಟ್ರೇ, ಬರೆಯೋಣ. ಪುಸ್ತಕದ ವಿಷಯದಲ್ಲಿ ನನ್ನದೂ ನಿಮ್ಮದೇ ಅಭಿಪ್ರಾಯ. ಬೇರೆಯವರ ದೇವರನ್ನು ಬೈದು ತಮ್ಮ ದೇವರನ್ನು ಹೊಗಳುವುದು ನನಗೆ ಹೇಸಿಗೆ. ಅದಕ್ಕೆ ದೂರು ಕೊಡಬಹುದಿತ್ತು, ಕೇಸ್ ಹಾಕಬಹುದಿತ್ತು. ಆ ಪುಸ್ತಕದ ಮುಖವನ್ನೇ ನೋಡದ ಸಿಸ್ಟರ್‌ಗಳ ಮಠಕ್ಕೆ ಯಾಕೆ ಹೋಗಬೇಕಿತ್ತು?

ಹೊಸದುರ್ಗದ ವಿಷಯದಲ್ಲಿ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ತಹಶೀಲ್ದಾರ್ ಕಡೆಯಿಂದ ಪರಿಶೀಲನೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ಪತ್ರಿಕೆಗಳಲ್ಲೇ ಬಂತು. ಸ್ವಲ್ಪ ದಿನಕ್ಕೆ ಆ ತಹಶೀಲ್ದಾರರಿಗೆ ವರ್ಗವೂ ಆಯಿತು.

ಇನ್ನು ಲೆಕ್ಕ. 2001ರ ಜನಗಣತಿಯಲ್ಲಿ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ 1.91. 2011ರಲ್ಲಿ 1.87. ಹತ್ತು ವರ್ಷದಲ್ಲಿ ಒಂಚೂರು ಇಳಿದಿದೆ.

---

ಬಯಲುಸೀಮೆ ಮೇಷ್ಟ್ರು:

ಜನಗಣತಿ ಲೆಕ್ಕ ನಂಬಬೇಡಿ. ಚರ್ಚ್‌ಗೆ ಹೋಗುವವರೂ ಕಾಗದದಲ್ಲಿ ಹಿಂದೂ ಅಂತಲೇ ಬರೆಸುತ್ತಾರೆ. ಮೀಸಲಾತಿ ಹೋಗುತ್ತದಲ್ಲ, ಅದಕ್ಕೆ.

---

ಪಾಸ್ಟರ್ ಮಗಳು:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮೇಷ್ಟ್ರ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮಪ್ಪ ಉತ್ತರ ಕರ್ನಾಟಕದ ಒಂದು ಸಣ್ಣ ಊರಲ್ಲಿ ಪಾಸ್ಟರ್. ಊರಿನ ಹೆಸರು ಹೇಳುವುದಿಲ್ಲ, ಕ್ಷಮಿಸಿ. ವಾರದಲ್ಲಿ ಐದು ದಿನ ಗಾರೆ ಕೆಲಸಕ್ಕೆ ಹೋಗುತ್ತಾರೆ. ಯಾವ ವಿದೇಶದ ದುಡ್ಡೂ ಇಲ್ಲ. ಇದ್ದಿದ್ದರೆ ನನ್ನ ಕಾಲೇಜ್ ಫೀಸ್‌ಗೆ ಅಮ್ಮನ ಓಲೆ ಅಡ ಇಡುತ್ತಿರಲಿಲ್ಲ.

ನಮ್ಮದು ಬಾಡಿಗೆ ಹಾಲ್. ತಗಡಿನ ಮಾಡು. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡ್, ಒಂದು ಢೋಲಕ್. ಗೋಡೆಗೆ ಬೋರ್ಡ್ ಇಲ್ಲ. ಮೊದಲು ಇತ್ತು, ತೆಗೆದೆವು. ಈಗ ಭಾನುವಾರ ಜನ ಒಟ್ಟಿಗೆ ಬರುವುದಿಲ್ಲ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಬರುತ್ತಾರೆ. ಚಪ್ಪಲಿ ಹೊರಗೆ ಬಿಡುವ ಹಾಗಿಲ್ಲ. ಬಾಗಿಲಲ್ಲಿ ಗೋಣಿಚೀಲ ಹಾಸಿದ್ದೇವೆ, ಅದರ ಮೇಲೆ ಒಳಗೇ ಸಾಲಾಗಿ ಇಡಿಸುತ್ತೇವೆ. ಯಾಕೆಂದರೆ ಹೊರಗಿನ ಚಪ್ಪಲಿ ಎಣಿಸಿ ಫೋಟೋ ತೆಗೆದುಕೊಂಡು ಹೋಗಿದ್ದರು, ಇಷ್ಟು ಜನರ ಮತಾಂತರ ನಡೆಯುತ್ತಿದೆ ಅಂತ.

ಒಂದು ಭಾನುವಾರ ಅವರೇ ಬಂದರು. ಹತ್ತು ಹನ್ನೆರಡು ಹುಡುಗರು. ಎಲ್ಲರ ಕೈಯಲ್ಲೂ ಫೋನ್. ಮೊದಲು ಹೊಡೆಯಲಿಲ್ಲ. ಒಬ್ಬೊಬ್ಬರ ಮುಖದ ಹತ್ತಿರ ಫೋನ್ ಹಿಡಿದು "ನಿನ್ನ ಹೆಸರೇನು? ಜಾತಿ ಯಾವುದು? ಎಷ್ಟು ಕೊಟ್ಟರು?" ಅಂತ ಕೇಳಿದರು. ನಮ್ಮ ಪಕ್ಕದ ಓಣಿಯ ಅಜ್ಜಿ ಒಬ್ಬರು ತಮ್ಮ ಕಾಣಿಕೆಯ ಹತ್ತು ರೂಪಾಯಿ ನೋಟು ತೋರಿಸಿ "ನಾನೇ ಕೊಡಾಕ ಬಂದೀನಿ ತಮ್ಮಾ" ಅಂದರು. ಆ ಹುಡುಗನಿಗೆ ನಗು ಬಂತು, ತಡೆದುಕೊಂಡ. ಆಮೇಲೆ ಢೋಲಕ್ ಒಡೆದರು. ಅಪ್ಪನ ಕೊರಳಪಟ್ಟಿ ಹಿಡಿದರು.

ಪೊಲೀಸರು ಬಂದರು. ಜೀಪ್ ಹತ್ತಿಸಿದ್ದು ಅಪ್ಪನನ್ನು. "ನಿಮ್ಮ ಒಳ್ಳೆಯದಕ್ಕೇ" ಅಂದರು. ಸಂಜೆವರೆಗೆ ಕೂರಿಸಿ, ಅನುಮತಿ ಇಲ್ಲದೆ ಇನ್ನು ಪ್ರಾರ್ಥನೆ ನಡೆಸುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ನಮ್ಮ ದೂರು ತೆಗೆದುಕೊಳ್ಳಲಿಲ್ಲ.

ಅದೇ ಊರಲ್ಲಿ ದೊಡ್ಡ ಇಗರ್ಜಿ ಇದೆ. ಅವರ ಶಾಲೆಯಲ್ಲೇ ನಾನು ಓದಿದ್ದು. ಅಪ್ಪ ಠಾಣೆಯಲ್ಲಿ ಕೂತಿದ್ದಾಗ ಅಲ್ಲಿಂದ ಒಂದು ಫೋನ್ ಬಂದಿದ್ದರೂ ಸಾಕಿತ್ತು. ಅದಕ್ಕೇ ಕುಡ್ಲದವರ ಪ್ರಶ್ನೆ ನೋಡಿ ಬರೆಯಬೇಕು ಅನಿಸಿತು.

---

ವಕೀಲರ ಕಟ್ಟೆ:

ತಂಗೀ, ಮೊದಲು ಆ ಮುಚ್ಚಳಿಕೆಯ ವಿಷಯ. ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಇರುವುದು ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ. ಅದಕ್ಕೆ ನೋಟಿಸ್, ವಿಚಾರಣೆ ಅಂತ ಕ್ರಮ ಇದೆ. ಠಾಣೆಯಲ್ಲಿ ಬಿಳಿ ಹಾಳೆ ಮೇಲೆ ಬರೆಸಿಕೊಂಡದ್ದು ಅದಲ್ಲ. ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಮನೆಯೊಳಗೆ ನಾಲ್ಕು ಜನ ಕೂತು ಪ್ರಾರ್ಥನೆ ಮಾಡುವುದಕ್ಕೆ ಪೊಲೀಸರ ಅನುಮತಿ ಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ಮೈಕ್ ಹಾಕಿದರೆ, ಹೊಸದಾಗಿ ಪ್ರಾರ್ಥನಾ ಮಂದಿರ ಅಂತ ಕಟ್ಟಡ ಕಟ್ಟಿದರೆ ಬೇರೆ ಮಾತು. ಅಲ್ಲಿ ಕಾಗದಪತ್ರ ಸರಿ ಇರಲಿ. ದಾಳಿ ಮಾಡುವವರಿಗೆ ಆಮೇಲೆ ಸಿಗುವ ನೆಪವೇ ಅದು: ಕಟ್ಟಡ ಅಕ್ರಮ, ಶಬ್ದ ಜಾಸ್ತಿ.

ನುಗ್ಗಿದವರ ಮೇಲೆ ಹಾಕಬಹುದಾದ ಸೆಕ್ಷನ್‌ಗಳು ಇವೆ. ಪೂಜಾಸ್ಥಳ ಹಾಳು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 298. ಕಾನೂನುಬದ್ಧವಾಗಿ ಸೇರಿದ ಪ್ರಾರ್ಥನೆಗೆ ಅಡ್ಡಿ ಮಾಡಿದರೆ 300. ಹಳೆಯ ಐಪಿಸಿಯಲ್ಲಿ ಇವು 295 ಮತ್ತು 296. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರ ನಾಲ್ಕನೇ ಉಪಕಲಂ ಈ ದಾರಿಯನ್ನೇ ಹೇಳುತ್ತದೆ. ರಿಜಿಸ್ಟರ್ಡ್ ಅಂಚೆಯ ರಸೀದಿ ಜೋಪಾನ. ಅವರ ವಿಡಿಯೋವನ್ನು ಅವರೇ ಹಾಕಿಕೊಂಡಿರುತ್ತಾರೆ. ಅಳಿಸುವ ಮೊದಲು ಇಳಿಸಿಟ್ಟುಕೊಳ್ಳಿ. ನಮ್ಮ ಎಷ್ಟೋ ಕೇಸ್‌ಗಳಲ್ಲಿ ಒಳ್ಳೆಯ ಸಾಕ್ಷಿ ಅದೇ.

ಮೇಷ್ಟ್ರಿಗೂ ಒಂದು ಮಾತು. ಬಲವಂತ, ಮೋಸ, ಆಮಿಷದಿಂದ ಮತಾಂತರ ಮಾಡುವ ಹಕ್ಕು ಯಾರಿಗೂ ಇಲ್ಲ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ನಿಮ್ಮ ತಕರಾರಿಗೆ ಜಾಗ ಇದೆ. ಜಾಗ ಇರುವುದು ಠಾಣೆಯಲ್ಲಿ ಮತ್ತು ಕೋರ್ಟ್‌ನಲ್ಲಿ.

ಇನ್ನು ಬಲವಂತ, ಆಮಿಷದ ಮತಾಂತರ ತಡೆಯಲು ನಮ್ಮ ರಾಜ್ಯ ತಂದ 2022ರ ಮತಾಂತರ ಕಾಯ್ದೆ. ಅದರಲ್ಲಿ ನನಗೆ ಕಷ್ಟ ಅನಿಸಿದ್ದು ಶಿಕ್ಷೆ ಅಲ್ಲ. ದೂರು ಯಾರು ಕೊಡಬಹುದು ಅನ್ನುವ ಪಟ್ಟಿ. ಅಪ್ಪ, ಅಮ್ಮ, ಅಣ್ಣ, ತಂಗಿ ಸರಿ. ಜೊತೆಗೆ ಕೆಲಸ ಮಾಡುವವನೂ ಕೊಡಬಹುದು. ಮತಾಂತರ ಆದವರಿಗೇ ತಕರಾರು ಇರಬೇಕು ಅಂತಿಲ್ಲ. ಮೇಲೆ, ನಾನು ಆಮಿಷ ಒಡ್ಡಿಲ್ಲ ಅಂತ ಆರೋಪಿಯೇ ತೋರಿಸಬೇಕು. ಇಲ್ಲದ್ದನ್ನು ಇಲ್ಲ ಅಂತ ತೋರಿಸುವುದು ಹೇಗೆ? 2023ರ ಜೂನ್‌ನಲ್ಲಿ ಇದನ್ನು ರದ್ದು ಮಾಡುವುದಾಗಿ ಸಚಿವ ಸಂಪುಟ ತೀರ್ಮಾನಿಸಿತು.

---

ಹುಬ್ಬಳ್ಳಿ ಮಿರ್ಚಿ:

ಕಾಯ್ದೆ ಬರುವ ಮೊದಲೂ ಇದೇ ಹಾಡು. 2021ರ ಅಕ್ಟೋಬರ್‌ನಲ್ಲಿ ನಮ್ಮ ಬೈರಿದೇವರಕೊಪ್ಪದಲ್ಲಿ ಏನಾಯಿತು? ಭಾನುವಾರ ಪ್ರೇಯರ್ ಹಾಲ್‌ಗೆ ನುಗ್ಗಿ, ಕೆಳಗೆ ಕೂತು ಭಜನೆ ಮಾಡಿದರು. ವಿಡಿಯೋ ಎಲ್ಲಾ ಕಡೆ ಓಡಾಡಿತು. ಪಾಸ್ಟರ್‌ರನ್ನು ಅರೆಸ್ಟ್ ಮಾಡಿ ಅಂತ ರಸ್ತೆ ತಡೆ ಬೇರೆ. ಕೊನೆಗೆ ಪಾಸ್ಟರ್ ಒಳಗೆ ಹೋದರು. ಭಜನೆ ಒಳ್ಳೆಯದೇ. ಆದರೆ ಇನ್ನೊಬ್ಬರ ಮನೆಗೆ ನುಗ್ಗಿ ಹಾಡಿದರೆ ಅದನ್ನು ಪುರಂದರದಾಸರೂ ಭಜನೆ ಅನ್ನಲಿಕ್ಕಿಲ್ಲ.

---

ತಾಳೆ ನೋಡಿ:

ಒಂದು ಎಚ್ಚರಿಕೆ. ಎಲ್ಲವನ್ನೂ ಮತದ್ವೇಷಕ್ಕೆ ಕಟ್ಟಬೇಡಿ. 2022ರ ಕ್ರಿಸ್‌ಮಸ್ ಮುಗಿದ ಎರಡನೇ ದಿನ ಪಿರಿಯಾಪಟ್ಟಣದ ಸೇಂಟ್ ಮೇರಿ ಚರ್ಚ್‌ನಲ್ಲಿ ಬಾಲಯೇಸುವಿನ ಪ್ರತಿಮೆಗೆ ಹಾನಿ ಆಯಿತು. ಎಲ್ಲರೂ ಏನೇನೋ ಬರೆದರು. ತನಿಖೆ ಮಾಡಿದ ಪೊಲೀಸರು ಕಾಣಿಕೆ ಹಣ ಕದಿಯಲು ಬಂದವನ ಕೆಲಸ ಅಂದರು. ಸಂಘಟನೆಗಳ ಕೈವಾಡ ಅಂತ ಮೊದಲೇ ಕೂಗಿದವರು ಆಮೇಲೆ ತಿದ್ದಿಕೊಳ್ಳಲಿಲ್ಲ. ಇದರಿಂದ ನಿಜವಾದ ಪ್ರಕರಣಗಳಿಗೇ ಏಟು.

---

ಮಲೆನಾಡಿನವಳು:

ಒಪ್ಪಿದೆ. ಆದರೆ "ಇವೆಲ್ಲ ಜಾಗದ ಜಗಳ, ಕಳ್ಳತನ" ಅಂತ ಗುಡಿಸಿ ಹಾಕುವುದೂ ಒಂದು ರೂಢಿ ಆಗಿದೆ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಮತ್ತಿತರರು ಕ್ರೈಸ್ತರ ಮೇಲಿನ ದಾಳಿಗಳ ವಿಷಯವಾಗಿ 2022ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರಲ್ಲ. ಆಗ ಕೇಂದ್ರ ಸರಕಾರ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಕೋರ್ಟ್ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಂದ ವರದಿ ಕೇಳಿತು.

2008ಕ್ಕೆ ಒಂದು ಸೇರಿಸಬೇಕು. ಮಂಗಳೂರಿನದು ಒಂಟಿ ಘಟನೆ ಅಲ್ಲ. ಅದಕ್ಕೆ ಮೂರು ವಾರ ಮೊದಲು, ಆಗಸ್ಟ್ 23ರಂದು, ಒಡಿಶಾದ ಕಂಧಮಾಲ್‌ನಲ್ಲಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿ ಅವರನ್ನೂ ಅವರ ಜೊತೆಗಿದ್ದ ನಾಲ್ವರನ್ನೂ ಆಶ್ರಮದಲ್ಲೇ ಕೊಂದರು. ಕೊಂದದ್ದು ನಾವು ಅಂತ ಮಾವೋವಾದಿಗಳು ಹೇಳಿಕೊಂಡರು. ಬೆಂಕಿ ಬಿದ್ದದ್ದು ಕ್ರೈಸ್ತರ ಮನೆಗಳಿಗೆ. ಸರಕಾರದ ಲೆಕ್ಕದಲ್ಲೇ ಸತ್ತವರು ಮೂವತ್ತೆಂಟು ಮೂವತ್ತೊಂಬತ್ತು. ಚರ್ಚ್‌ನವರು ನೂರರ ಹತ್ತಿರ ಅನ್ನುತ್ತಾರೆ. ಐವತ್ತು ಸಾವಿರಕ್ಕೂ ಜಾಸ್ತಿ ಜನ ಕಾಡು, ಪರಿಹಾರ ಶಿಬಿರ ಅಂತ ದಿಕ್ಕಾಪಾಲಾದರು. ಸುಟ್ಟವರೂ ಬಡವರು, ಸುಡಿಸಿಕೊಂಡವರೂ ಬಡವರು. ಒಂದು ಕಡೆ ಕಂಧ ಆದಿವಾಸಿಗಳು, ಇನ್ನೊಂದು ಕಡೆ ಹೆಚ್ಚಾಗಿ ಪಾಣ ದಲಿತ ಕ್ರೈಸ್ತರು. ನಡುವೆ ಜಾಗ, ಮೀಸಲಾತಿಯ ಹಳೆಯ ಜಗಳ ಬೇರೆ ಇತ್ತು.

ಆಮೇಲೇನಾಯಿತು ಅನ್ನುವುದು ಇನ್ನೂ ಬೇಜಾರು. 2016ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕ: ದಾಖಲಾದ ಕೇಸ್ 827. ಅದರಲ್ಲಿ 315ರಲ್ಲಿ ಚಾರ್ಜ್‌ಶೀಟೇ ಇಲ್ಲ. ವಿಚಾರಣೆ ಮುಗಿದ 362ರಲ್ಲಿ ಶಿಕ್ಷೆ ಆದದ್ದು 78ರಲ್ಲಿ. ಕೈಬಿಟ್ಟ ಕೇಸ್‌ಗಳನ್ನು ಮತ್ತೆ ನೋಡಿ ಅಂತ ಕೋರ್ಟೇ ಹೇಳಬೇಕಾಯಿತು.

---

ಕುಡ್ಲದ ಮಳೆ:

ನಮ್ಮಲ್ಲೂ ಅಷ್ಟೇ. ಸರಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು. 2010ರ ಮಧ್ಯಂತರ ವರದಿ ನೋಡಿ ನಮ್ಮವರಿಗೆ ಸ್ವಲ್ಪ ಸಮಾಧಾನ ಆಗಿತ್ತು. 2011ರ ಜನವರಿಯಲ್ಲಿ ಅಂತಿಮ ವರದಿ ಬಂದಾಗ ಸಂಘ ಪರಿವಾರಕ್ಕೂ ಸರಕಾರಕ್ಕೂ ಸಂಬಂಧ ಇಲ್ಲ ಅನ್ನುವ ಹಾಗಿತ್ತು. ನ್ಯಾಯಮೂರ್ತಿ ಸಲ್ಡಾನ್ಹಾ ಸ್ವತಂತ್ರವಾಗಿ ವಿಚಾರಣೆ ಮಾಡಿ ಬರೆದ ವರದಿ ಪೂರ್ತಿ ಉಲ್ಟಾ. ಎರಡೂ ವರದಿ ಇವೆ. ನಿಮಗೆ ಬೇಕಾದ್ದು ನೀವು ಓದಿಕೊಳ್ಳಿ ಅನ್ನುವ ಹಾಗಾಗಿದೆ.

ಒಂದು ವಿಚಿತ್ರ. ಆಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರ ಕುಮಾರ್ ದಾಳಿಯನ್ನು ಸಮರ್ಥಿಸಿ ಬಂಧನ ಆದವರು. ಮುಂದೆ ಆ ಸಂಘಟನೆ ಬಿಟ್ಟರು. ಊರೂರು ತಿರುಗಿ, ಹುಡುಗರೇ ಈ ದಾರಿಗೆ ಬರಬೇಡಿ ಅಂತ ಭಾಷಣ ಮಾಡಿದರು. 2020ರಲ್ಲಿ ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ಜನ ಮರುಗಿದರು. ನಮ್ಮ ಮನೆಯಲ್ಲಿ ಅಜ್ಜಿ ಮಾತ್ರ ಏನೂ ಹೇಳಲಿಲ್ಲ.

---

ಪಾಸ್ಟರ್ ಮಗಳು:

ವಕೀಲಣ್ಣ, ಥ್ಯಾಂಕ್ಸ್. ಅಂಚೆಯಲ್ಲಿ ಕಳಿಸಬಹುದು ಅಂತ ಗೊತ್ತೇ ಇರಲಿಲ್ಲ.

ಈಗ ಮೇಷ್ಟ್ರ ಮಾತಿಗೆ. ಸರ್, ನೀವು ಹೇಳಿದ್ದು ಅರ್ಧ ನಿಜ. ನಮ್ಮ ಸಭೆಯಲ್ಲಿ ಹೆಚ್ಚಿನವರು ದಲಿತರು. 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. ಕ್ರೈಸ್ತ ಅಂತ ಬರೆಸಿದ ದಿನ ಸರ್ಟಿಫಿಕೇಟ್ ಹೋಯಿತು. ಆದರೆ ಕೇರಿ ಬದಲಾಗುವುದಿಲ್ಲ. ಹೋಟೆಲ್‌ನ ಲೋಟ ಬದಲಾಗುವುದಿಲ್ಲ. ಹೆಣ್ಣು ಕೊಡುವಾಗ ಕೇಳುವ ಪ್ರಶ್ನೆ ಬದಲಾಗುವುದಿಲ್ಲ. ದೀಕ್ಷಾಸ್ನಾನ ತೆಗೆದುಕೊಳ್ಳದೆ ಬರೀ ಪ್ರಾರ್ಥನೆಗೆ ಬಂದು ಹೋಗುವವರೂ ಬಹಳ. ಅವರು ಯಾವ ಕಾಲಂನಲ್ಲಿ ಬರೆಸಬೇಕು?

ಇದರಿಂದ ನಮಗೆ ಆಗುವ ತೊಂದರೆ ಬೇರೆಯೇ. ಅವತ್ತು ಒಳಗೆ ಕೂತಿದ್ದ ಯಾರೂ ಸಾಕ್ಷಿಗೆ ಸಹಿ ಹಾಕಲಿಲ್ಲ. ಹಾಕಿದರೆ, ನೀನು ಅಲ್ಲಿ ಯಾಕಿದ್ದೆ ಅನ್ನುವ ಪ್ರಶ್ನೆ ಬರುತ್ತದೆ. ಮಗನ ಸ್ಕಾಲರ್‌ಶಿಪ್, ಸೊಸೆಯ ಅಂಗನವಾಡಿ ಕೆಲಸ, ಎಲ್ಲದರ ಮೇಲೂ ಕಣ್ಣು ಬೀಳುತ್ತದೆ. ಫೋನ್ ಹಿಡಿದು ಬಂದ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೊದಲ ಪ್ರಶ್ನೆ "ಜಾತಿ ಯಾವುದು?"

---

ವಕೀಲರ ಕಟ್ಟೆ:

ಇದು ಸರಿಯಾದ ಮಾತು. ಕೇಸ್ ಬಿದ್ದುಹೋಗುವುದು ಇಲ್ಲೇ. 2024ರ ನವೆಂಬರ್‌ನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮ ಪಾಲಿಸುತ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದನ್ನು ಒಪ್ಪಲಿಲ್ಲ. ದಲಿತ ಕ್ರೈಸ್ತ, ದಲಿತ ಮುಸ್ಲಿಮರ ವಿಷಯ ನೋಡಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು 2022ರಲ್ಲಿ ನೇಮಿಸಿದ್ದಾರೆ. ಇದೆಲ್ಲ ತೀರ್ಮಾನ ಆಗುವವರೆಗೆ ಸಹಿ ಹಾಕುವವರು ಕಡಿಮೆಯೇ. ಹಾಗಾಗಿ ಅಪ್ಪನ ಹೆಸರಲ್ಲಿ, ಹಾಲ್‌ನ ಬಾಡಿಗೆದಾರರಾಗಿ ದೂರು ಕೊಡಿ. ಒಡೆದ ಢೋಲಕ್ ಅವರದ್ದು, ಹಿಡಿದ ಕೊರಳಪಟ್ಟಿ ಅವರದ್ದು. ಅಷ್ಟು ಸಾಕು. ಉಳಿದವರನ್ನು ಎಳೆಯುವುದು ಬೇಡ.

---

ಬಯಲುಸೀಮೆ ಮೇಷ್ಟ್ರು:

ಹೋಟೆಲ್ ಲೋಟದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಆದರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಮಾತ್ರೆ ಬಿಡಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಮ್ಮವರೇ ಖಂಡಿಸಬೇಕು.

---

ಪಾಸ್ಟರ್ ಮಗಳು:

ಮಾತ್ರೆ ಬಿಡಿಸುವವರನ್ನು ನಮ್ಮಪ್ಪ ಹಾಲ್‌ನಲ್ಲೇ ನಿಂತು ಬೈಯುತ್ತಾರೆ ಸರ್. ಅವರಿಗೇ ಶುಗರ್ ಇದೆ.

ಕುಡ್ಲದವರೇ, ನಮ್ಮ ಹಾಲ್ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದಾರೆ. ಒಳ್ಳೆಯ ಮನುಷ್ಯರೇ. ಅವರ ಅಂಗಡಿಗೆ ಬಂದು ಯಾರೋ ಹೆದರಿಸಿದರಂತೆ. ನೀವು ಈ ಕಡೆಯೇ ಇದ್ದೀರಿ ಅಂದಿರಿ. ನಿಮ್ಮ ಪ್ಯಾರಿಷ್ ಹಾಲ್ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದಾ? ಬಾಡಿಗೆ ಕೊಡುತ್ತೇವೆ.

---

ಕುಡ್ಲದ ಮಳೆ:

ನಿನ್ನೆ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿದೆ. ಇಲ್ಲ ಅನ್ನಲಿಲ್ಲ. ಪ್ಯಾರಿಷ್ ಕೌನ್ಸಿಲ್‌ನಲ್ಲಿ ಇಡುತ್ತೇನೆ ಅಂದರು. ಪಕ್ಕದಲ್ಲೇ ಇದ್ದ ಕೌನ್ಸಿಲ್‌ನವರೊಬ್ಬರು "ಜಾಗ ಕೊಟ್ಟರೆ ನಮ್ಮ ಜನರನ್ನೇ ಎಳೆದುಕೊಂಡು ಹೋಗುತ್ತಾರೆ" ಅಂದರು. ಇನ್ನೊಬ್ಬರು "ಕಲ್ಲು ನಮ್ಮ ಶಾಲೆಯ ಕಿಟಕಿಗೂ ಬೀಳುತ್ತದೆ" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ ತಂಗೀ.

---

ಪಾಸ್ಟರ್ ಮಗಳು:

ಮೊದಲನೆಯವರು ಹೇಳಿದ್ದು ಸುಳ್ಳಲ್ಲ. ನಮ್ಮ ಸಭೆಯಲ್ಲಿ ಕ್ಯಾಥೊಲಿಕ್ ಮನೆಯಿಂದ ಬಂದವರು ಇಬ್ಬರಿದ್ದಾರೆ. ಅದನ್ನು ಬಚ್ಚಿಡುವುದಿಲ್ಲ ಅಂತ ಅಪ್ಪ ಹೇಳಿದರು. ಕೌನ್ಸಿಲ್ ಮೀಟಿಂಗ್ ಯಾವತ್ತು? ಬೇಕಾದರೆ ಅಪ್ಪನೇ ಬಂದು ಕೂರುತ್ತಾರೆ.

---

ಕುಡ್ಲದ ಮಳೆ:

ಬರುವ ಬುಧವಾರ, ಸಂಜೆ ಆರಕ್ಕೆ. ಅವರನ್ನು ಕರೆಯಬಹುದಾ ಅಂತ ಫಾದರ್‌ಗೆ ಇವತ್ತೇ ಫೋನ್ ಮಾಡುತ್ತೇನೆ. ವಕೀಲರೇ, ಬಾಡಿಗೆ ಕರಾರು ಪತ್ರದಲ್ಲಿ "ಪ್ರಾರ್ಥನೆಗೆ" ಅಂತ ಬರೆಯಬೇಕಾ, "ಸಭೆಗೆ" ಅಂದರೆ ಸಾಕಾ?

---

ವಕೀಲರ ಕಟ್ಟೆ:

ಪ್ರಾರ್ಥನೆಗೆ ಅಂತಲೇ ಬರೆಯಿರಿ. ನಾಳೆ ಠಾಣೆಯಲ್ಲಿ ತೋರಿಸಬೇಕಾಗಿ ಬಂದರೆ ಅದೇ ಕೆಲಸಕ್ಕೆ ಬರುತ್ತದೆ. ಕರಡು ಕಳಿಸಿ, ನೋಡಿಕೊಡುತ್ತೇನೆ. ಫೀಸ್ ಬೇಡ.